ಹೂಂ ಅಣ್ಣ ಮತ್ತು ಎರಡು ಆಂಪ್ಲಿಫೈಯರ್

ಹೂಂ ಅಣ್ಣ ಕೊಳಾಯಿ ರಿಪೇರಿಯವನು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಬ್ಯಾಂಕಿನವರು ಮಾತ್ರ ಬಳಸುತ್ತಿದ್ದರು. ಉಳಿದವರಿಗೆಲ್ಲ ಅವನು ಹೂಂ ಅಣ್ಣ. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಹೊರಡುತ್ತಿದ್ದದ್ದು ಅದೇ ಒಂದು ಅಕ್ಷರ. ಒಂದೇ ಬೆಳಿಗ್ಗೆ ಹಲ್ಲಿನ ಡಾಕ್ಟರ ಸಿಂಕಿಗೂ ಹೂಂ, ಲಾಂಡ್ರಿಯ ಚರಂಡಿಗೂ ಹೂಂ, ಮೇಲಿನ ಮಹಡಿಯ ಅಜ್ಜಿಯ ಗೀಸರಿಗೂ ಹೂಂ. ಆಮೇಲೆ ಸಂಜೆಯವರೆಗೆ ಯಾರ ಕಣ್ಣಿಗೂ ಬೀಳದಂತೆ ಸಂದಿಗೊಂದಿಯಲ್ಲಿ ಸ್ಕೂಟರ್ ಓಡಿಸುತ್ತಿದ್ದ. ಮೋಸಗಾರನಲ್ಲ. ಆಗುವುದಿಲ್ಲ ಎನ್ನುವ ಮಾತು ಗಂಟಲ ತನಕ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಅಷ್ಟೆ.

ಅವನಿಗೆ ಎಲೆಕ್ಟ್ರಿಕ್ ಗಿಟಾರ್ ಸಿಕ್ಕಿದ್ದೂ ಹೀಗೇ. ಮನೆ ಖಾಲಿ ಮಾಡುತ್ತಿದ್ದ ಬಾಡಿಗೆದಾರನೊಬ್ಬ, ನಲ್ಲಿ ಬಿಚ್ಚಲು ಬಂದಿದ್ದ ಇವನನ್ನು ನೋಡಿ "ಇದನ್ನ ತಗೊಂಡು ಹೋಗ್ತೀರಾ?" ಎಂದು ಕೇಳಿದ್ದ. ಕೇಳಿದ್ದು ಹಳೆಯ ಬಕೆಟ್ಟಿನ ಬಗ್ಗೆಯೋ ಗಿಟಾರಿನ ಬಗ್ಗೆಯೋ ಎಂದು ನೋಡುವ ಮೊದಲೇ ಇವನು ಹೂಂ ಅಂದಾಗಿತ್ತು. ತಂದ ಮೇಲೆ ಸುಮ್ಮನೆ ಇಡಲು ಮನಸ್ಸಾಗದೆ ಕಲಿಯಲು ಕೂತ. ಆಗಲೇ ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿತ್ತು. ಪೈಪು ತಿರುಗಿಸಿ ದಪ್ಪವಾದ ಬೆರಳುಗಳು. ಒಂದು ತಂತಿ ಒತ್ತಲು ಹೋದರೆ ಪಕ್ಕದ ತಂತಿಯೂ ಜೊತೆಗೆ ಬರುತ್ತಿತ್ತು. ವೇಗ ಅವನ ಕೈಗೆ ಕೊನೆಗೂ ಹತ್ತಲಿಲ್ಲ.

ಆದರೆ ಅವನಿಗೆ ನಾದ ಒಲಿದಿತ್ತು. ಒಂದು ಸ್ವರ ಹಿಡಿದು ತಂತಿಯನ್ನು ಸ್ವಲ್ಪ ಜಗ್ಗಿ ಬಿಟ್ಟನೆಂದರೆ ಅದು ಜೇನಿನಂತೆ ಇಳಿಯುತ್ತಿತ್ತು, ತುದಿಯಲ್ಲಿ ಸಣ್ಣದೊಂದು ಹೊಳಪು. ಅವನ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು ಬೇಕರಿಯವನು, ಹಾಡುತ್ತಿದ್ದವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವಾಕೆ. ಇಬ್ಬರೂ ಇವನಿಗಿಂತ ಚೆನ್ನಾಗಿ ತಾಳ ಬಲ್ಲವರು. ಆದರೂ ಆ ಒಂದು ಸ್ವರ ಬಂದಾಗ ಇಬ್ಬರೂ ಸ್ವಲ್ಪ ಹಿಂದೆ ಸರಿದು ದಾರಿ ಬಿಡುತ್ತಿದ್ದರು. ಹೂಂ ಅಣ್ಣನಿಗೂ ಗೊತ್ತಿತ್ತು, ತನ್ನ ಬಂಡವಾಳ ಅದೊಂದೇ. ಅದು ಹೋದರೆ ತಾನು ಮತ್ತೆ ಬರೀ ನಲ್ಲಿಯವನು.

ತೊಂದರೆ ಶುರುವಾದದ್ದು ಅವನ ಅಕ್ಕನಿಂದ. ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್ ಮಿಸ್ ಆಗಿ ನಿವೃತ್ತಳಾದವಳು. ಶಾಲೆ ಬಿಟ್ಟಿದ್ದಳು, ದನಿ ಬಿಟ್ಟಿರಲಿಲ್ಲ. ಅವಳ ಗಂಡ ಹರೆಯದಲ್ಲಿ ಕೊಂಡಿದ್ದ ಗಾಜಿನ ವಾಲ್ವಿನ ಹಳೆಯ ಆಂಪ್ಲಿಫೈಯರ್, ಗಿಟಾರಿನ ದನಿ ದೊಡ್ಡದು ಮಾಡುವ ಪೆಟ್ಟಿಗೆ, ಅವಳ ಮನೆಯಲ್ಲಿ ಹೂಕುಂಡದ ಸ್ಟೂಲಾಗಿ ಕೂತಿತ್ತು. ಅದನ್ನು ಒರೆಸಿ, ಒಂದು ಆಟೋದಲ್ಲಿ ಹೇರಿ, ತಮ್ಮನ ಮನೆ ಮುಂದೆ ಇಳಿಸಿದಳು. "ನಿಮ್ಮ ಭಾವ ಇದನ್ನ ಯಾರಿಗೂ ಮುಟ್ಟೋಕೆ ಕೊಡ್ತಿರಲಿಲ್ಲ. ನಿನಗೆ ಕೊಡ್ತಿದೀನಿ. ನುಡಿಸಬೇಕು" ಎಂದಳು. ಇವನು ಹೂಂ ಅಂದ.

ಸುದ್ದಿ ಹೆಂಡತಿಯ ತಮ್ಮನ ಕಿವಿಗೆ ಬಿತ್ತು. ಅವನದು ಸೋಫಾ ಅಂಗಡಿ. ಯಾರಾದರೂ ಒಂದು ಉಡುಗೊರೆ ಕೊಟ್ಟರೆ ಅದಕ್ಕಿಂತ ಹೊಸದು ಕೊಡದೆ ಅವನಿಗೆ ಊಟ ಸೇರದು. ಎರಡೇ ದಿನದಲ್ಲಿ ಥಳಥಳ ಹೊಳೆಯುವ ಹೊಸ ಆಂಪ್ಲಿಫೈಯರ್ ಬಂದಿಳಿಯಿತು, ಪ್ಲಾಸ್ಟಿಕ್ ಹೊದಿಕೆ ಸಮೇತ. "ಭಾವ, ಆ ಹಳೇ ಡಬ್ಬ ಎಲ್ಲಾದ್ರೂ ಇಡಿ. ಇದರಲ್ಲಿ ನುಡಿಸಿ. ನಾನು ಬಂದು ಕೇಳ್ತೀನಿ" ಎಂದ. ಇವನು ಅದಕ್ಕೂ ಹೂಂ ಅಂದ.

ಅದೇ ಸಮಯಕ್ಕೆ ಸಾರ್ವಜನಿಕ ಈಜುಕೊಳ ಮತ್ತೆ ತೆರೆಯುವುದೆಂದು ಗೊತ್ತಾಯಿತು. ಅದರ ಪೈಪೆಲ್ಲ ಬದಲಾಯಿಸಿದ್ದು ಹೂಂ ಅಣ್ಣನೇ. ಕೊಳದ ಮ್ಯಾನೇಜರು "ನಿಮ್ಮ ಬ್ಯಾಂಡೇ ನುಡಿಸಬೇಕು" ಎಂದು ಪಟ್ಟು ಹಿಡಿದಿದ್ದರು. ಅಕ್ಕ ಫೋನು ಮಾಡಿ "ನಮ್ಮದರಲ್ಲೇ ನುಡಿಸ್ತೀಯ ತಾನೆ?" ಎಂದಳು. ಹೂಂ. ಸೋಫಾದವನು ಅಂಗಡಿಯಿಂದ ಕೂಗಿ "ಭಾವ, ನಂದೇ ತಾನೆ?" ಎಂದ. ಹೂಂ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಜನರಿಗೆ "ಇದು ಸ್ಪಷ್ಟವಾ, ಅದು ಸ್ಪಷ್ಟವಾ" ಎಂದು ಕೇಳಿ ಕೇಳಿ, ಅವಳಿಗೆ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತಿತ್ತು.

"ಇಬ್ಬರ ಮುಂದೆಯೂ ತಲೆ ಆಡ್ಸಿದೀರಿ" ಎಂದಳು, ಸಂಜೆ ತಟ್ಟೆ ಇಡುತ್ತಾ. "ಇಬ್ಬರೂ ಮುಂದಿನ ಸಾಲಲ್ಲೇ ಕೂತ್ಕೋತಾರೆ. ಈಗ ಏನ್ ಮಾಡ್ತೀರಿ?"

"ಎರಡರಲ್ಲೂ ನುಡಿಸಿದ್ರಾಯ್ತು."

"ಗಿಟಾರ್ ಒಂದೇ ಇರೋದು."

"ಅದೇನ್ ಮಹಾ. ಒಂದು ಪೈಪಿಂದ ಎರಡು ನಲ್ಲಿಗೆ ನೀರು ಕೊಡಲ್ವಾ? ಟೀ ಜಾಯಿಂಟ್ ಹಾಕಿದ್ರೆ ಮುಗೀತು."

ಮಾರನೆಯ ದಿನವೇ ಒಂದು ತುದಿ ಎರಡಾಗಿ ಸೀಳುವ ವೈರು ತಂದ. ಪೈಪುಗಳನ್ನಿಡುವ ನೆಲಮಾಳಿಗೆಯ ಕೋಣೆಯಲ್ಲಿ ಎರಡೂ ಆಂಪುಗಳನ್ನು ಅಕ್ಕಪಕ್ಕ ಇಟ್ಟು, ವೈರು ಸಿಕ್ಕಿಸಿ, ಗುಂಡಿ ಒತ್ತಿದ. ಎರಡೂ ಒಟ್ಟಿಗೆ "ಹೂಂ" ಎಂದವು. ನಿಲ್ಲಿಸಲೇ ಇಲ್ಲ. ದಪ್ಪ ದನಿಯಲ್ಲಿ, ಉಸಿರೂ ಎಳೆಯದೆ, ಹೂಂಂಂಂ.

"ನಿಮ್ಮನ್ನ ನೋಡಿ ಕಲಿತಿವೆ" ಎಂದಳು ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ.

ಗದ್ದಲವನ್ನು ಹೇಗೋ ಸಹಿಸಬಹುದಿತ್ತು. ನಿಜವಾದ ತೊಂದರೆ ಗೊತ್ತಾದದ್ದು ಸ್ವರ ಹಿಡಿದಾಗ. ಜೇನು ಇರಲಿಲ್ಲ, ಹೊಳಪು ಇರಲಿಲ್ಲ. ಯಾರೋ ಕಂಬಳಿ ಹೊದ್ದು, ಬಾಗಿಲು ಹಾಕಿಕೊಂಡು, ಒಳಗಿನಿಂದ ಹಾಡಿದ ಹಾಗಿತ್ತು. ಒಂದು ಆಂಪಿನ ವೈರು ಕಿತ್ತರೆ ನಾದ ವಾಪಸು, ಸಿಕ್ಕಿಸಿದರೆ ಮತ್ತೆ ಕಂಬಳಿ.

ಅವನು ಕೊಳಾಯಿಯ ಬುದ್ಧಿಯನ್ನೇ ಓಡಿಸಿದ. ಪ್ರೆಶರ್ ಸಾಲುತ್ತಿಲ್ಲ. ಹಾಗಾದರೆ ವೈರು ಗಿಡ್ಡವಿರಬೇಕು. ಗಿಡ್ಡ ಮಾಡಿದ. ಕಂಬಳಿ ಸ್ವಲ್ಪ ತೆಳುವಾಯಿತು, ಹೋಗಲಿಲ್ಲ. ವೈರು ಎಷ್ಟು ಗಿಡ್ಡವಾಯಿತೆಂದರೆ ಎರಡು ಆಂಪುಗಳ ನಡುವೆ ಮಂಡಿಯೂರಿ, ತಲೆ ತಗ್ಗಿಸಿ ನುಡಿಸಬೇಕಾಗಿತ್ತು. ಅಭ್ಯಾಸಕ್ಕೆ ಬಂದ ಗಾಯಕಿ ಅವನ ಭಂಗಿ ನೋಡಿ "ಸಿಂಕ್ ಕೆಳಗೆ ಕೂತ ಹಾಗಿದೆ" ಎಂದಳು.

ಬೇಕರಿಯವನಿಗೆ ಇಂಥ ವಿಷಯದಲ್ಲಿ ಎಲ್ಲಿಲ್ಲದ ಹುಮ್ಮಸ್ಸು. "ಈ ಹೂಂ ಅನ್ನೋ ರಗಳೆ ಇದೆಯಲ್ಲ, ಅದು ಅರ್ಥಿಂಗಿಂದ ಬರೋದು. ನಮ್ಮ ಓವನ್ನಿಗೂ ಹೀಗೇ ಆಗಿತ್ತು. ಪ್ಲಗ್ಗಿನ ದೊಡ್ಡ ಪಿನ್ ಮುರಿದು ಬಿಸಾಕಿ" ಎಂದ. ಹೂಂ ಅಣ್ಣ ಹೂಂ ಅಂದ. ಅಕ್ಕನ ಆಂಪಿನ ಪಿನ್ ಮುರಿದರು. ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು. ಬೇಕರಿಯವನು ಡ್ರಮ್ಮಿನ ಮೇಲೆ ಒಂದು ಸಣ್ಣ ಉರುಳಿಕೆ ಬಾರಿಸಿ ತನ್ನನ್ನು ತಾನೇ ಅಭಿನಂದಿಸಿಕೊಂಡ.

ಹಳೆಯದೊಂದೇ ಹೇಗೆ ಕೇಳುತ್ತದೆ ನೋಡೋಣ ಎಂದು ಹೂಂ ಅಣ್ಣ ಹೊಸ ಆಂಪಿನ ವೈರು ಕಿತ್ತ. ಒಂದು ಕೈ ತಂತಿಯ ಮೇಲಿತ್ತು. ಮೊಣಕೈ ಹಿಂದಿನ ಕಬ್ಬಿಣದ ಪೈಪಿಗೆ ತಾಗಿತು. ಜನ್ಮವೆಲ್ಲ ತಾನು ಅಪ್ಪಿಕೊಂಡು ಕೆಲಸ ಮಾಡಿದ ಪೈಪು ಆವತ್ತು ಶಾಕ್ ಕೊಟ್ಟು ಅವನನ್ನು ಕಚ್ಚಿತು. ಗಿಟಾರ್ ಒಂದು ಕಡೆ, ಅವನು ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ಏನೂ ಹೆಚ್ಚುಕಮ್ಮಿ ಆಗಲಿಲ್ಲ. ಆದರೆ ಶಬ್ದ ಕೇಳಿ ಇಳಿದುಬಂದ ಹೆಂಡತಿ ಗಂಡನ ಮುಖ ನೋಡಿದಳು, ಮುರಿದ ಪಿನ್ ನೋಡಿದಳು, ಬೇಕರಿಯವನನ್ನು ನೋಡಿದಳು. ಬೇಕರಿಯವನು ಒಲೆಯ ಮೇಲೆ ಏನೋ ಇಟ್ಟು ಬಂದದ್ದು ನೆನಪಾಗಿ ಎದ್ದುಹೋದ.

"ನೀವು ನುಡಿಸೋದು ಈಜುಕೊಳದ ದಡದಲ್ಲಿ" ಎಂದಳು ಅವಳು, ನಿಧಾನವಾಗಿ. "ಸುತ್ತ ನೀರು. ಇದನ್ನ ಹೀಗೇ ತಗೊಂಡು ಹೋದ್ರೆ ನಿಮ್ಮಕ್ಕನಿಗೂ ನನ್ನ ತಮ್ಮನಿಗೂ ಒಟ್ಟಿಗೆ ಅಳೋಕೆ ಒಂದು ಕಾರಣ ಸಿಗುತ್ತೆ. ಗೊತ್ತಿರೋರನ್ನ ಕೇಳಿ."

ಗೊತ್ತಿರುವವಳು ಕನ್ನಡಕದ ಅಂಗಡಿಯ ಪಕ್ಕದಲ್ಲೇ ಇದ್ದಳು. ಕಿವಿಗೆ ಹಾಕುವ ಮೆಷಿನ್ ಮಾರುವವಳು. ಮೊದಲು ದೊಡ್ಡ ವರ್ಕ್‌ಶಾಪೊಂದರಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದಳು. ಕಿವಿ ಮಂದವಾದವರ ಜೊತೆ ಮಾತಾಡಿ ಮಾತಾಡಿ ಎಲ್ಲರ ಹತ್ತಿರವೂ ಕೂಗಿಯೇ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ಹೂಂ ಅಣ್ಣ ತನ್ನ ಕಷ್ಟ ಹೇಳಿಕೊಂಡಾಗ ಅವಳು ಕೊಟ್ಟ ಉತ್ತರ ಬೀದಿಯ ಆಚೆ ಬದಿಗೂ ಕೇಳಿತು.

"ನಿಮ್ಮ ಗಿಟಾರಿಗೆ ಗಂಟಲೇ ಇಲ್ಲ! ಪಿಸುಗುಟ್ಟುತ್ತೆ ಅಷ್ಟೆ. ಒಬ್ಬರು ಕಿವಿಗೊಟ್ಟು ಕೇಳಿದ್ರೆ ಪೂರ್ತಿ ಹೇಳುತ್ತೆ. ಇಬ್ಬರು ಎರಡು ಕಡೆಯಿಂದ ಎಳೆದ್ರೆ ಉಸಿರು ಸಾಲಲ್ಲ. ಮೊದಲು ಚೂಪು ದನಿ ಬಿಟ್ಟುಬಿಡುತ್ತೆ. ವೈರು ಉದ್ದ ಆದಷ್ಟೂ ಅದೂ ತನ್ನ ಪಾಲು ಕುಡಿಯುತ್ತೆ."

"ಅಂದ್ರೆ ಪ್ರೆಶರ್ ಇಲ್ಲ. ನಾನೂ ಅದೇ ಅಂದ್ಕೊಂಡೆ. ಒಂದು ಪಂಪ್ ಹಾಕ್ಬೇಕು."

"ಪಂಪ್ ಹಾಕಿದ್ರೆ ಬರೀ ಜೋರಾಗುತ್ತೆ. ನಿಮಗೆ ಬೇಕಾಗಿರೋದು ಮಧ್ಯದಲ್ಲಿ ಒಬ್ಬ. ಪಿಸುಮಾತು ಕೇಳಿಸ್ಕೊಂಡು, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ, ಗಟ್ಟಿ ಉಸಿರಲ್ಲಿ ಇಬ್ಬರಿಗೂ ಹೇಳೋನು. ಅದಕ್ಕೆ ಬಫರ್ ಅಂತಾರೆ."

ಹೂಂ ಅಣ್ಣ ಯೋಚಿಸಿದ. "ಅಂಥೋರು ನಮ್ಮ ಮನೆ ಕಡೆ ಯಾರೂ ಇಲ್ಲ ಮೇಡಂ."

"ನಾನು ಮಾಡಿಕೊಡ್ತೀನಿ. ಇನ್ನು ಆ ಗುಂಯ್‌ಗುಡೋದು. ಎರಡೂ ಆಂಪು ಗೋಡೆಯ ಅರ್ಥಿಂಗಲ್ಲಿ ಕೈ ಹಿಡ್ಕೊಂಡಿವೆ, ನಿಮ್ಮ ವೈರಲ್ಲೂ ಕೈ ಹಿಡ್ಕೊಂಡಿವೆ. ಉಂಗುರ ಆಯ್ತು. ಅದರಲ್ಲಿ ಕರೆಂಟು ಗಿರಗಿರ ಸುತ್ತುತ್ತೆ. ಆ ಉಂಗುರ ಬಿಡಿಸ್ಬೇಕಾಗಿರೋದು ವೈರಿನ ಕಡೆ. ಗೋಡೆ ಕಡೆ ಅಲ್ಲ! ಪಿನ್ ಮುರಿದೋನು ಯಾವನು?"

ಬೀದಿಯ ಆಚೆ ಬದಿಯಲ್ಲಿ ಬೇಕರಿಯ ಷಟರ್ ಅರ್ಧ ಇಳಿಯಿತು.

ಪಿನ್ ಮೊದಲು ಸರಿಮಾಡಿಸಬೇಕು ಎಂದು ಆಣೆ ಹಾಕಿಸಿಕೊಂಡೇ ಅವಳು ಕೆಲಸಕ್ಕೆ ಕೂತದ್ದು. ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಒಳಗೆ ಬರಲು ಒಂದು ತೂತು, ಹೊರಗೆ ಹೋಗಲು ಎರಡು ತೂತು ಕೊರೆದಳು. ನಡುವೆ ಬ್ಯಾಟರಿಯಿಂದ ನಡೆಯುವ ಬಫರ್. ಹೊಸ ಆಂಪಿನ ದಾರಿ ನೇರ. ಅಕ್ಕನ ಆಂಪಿನ ದಾರಿಯಲ್ಲಿ ಮಾತ್ರ ಪುಟ್ಟದೊಂದು ಟ್ರಾನ್ಸ್‌ಫಾರ್ಮರ್. ಸಂಗೀತ ಅದನ್ನು ದಾಟುತ್ತದೆ, ಅರ್ಥಿಂಗಿನ ಸುತ್ತಾಟ ದಾಟುವುದಿಲ್ಲ ಎಂದಳು. ಅವಳು ಬೆಸುಗೆ ಹಾಕುತ್ತಿರುವಾಗ ಸುಮ್ಮನೆ ಕೂರಲಾಗದೆ ಹೂಂ ಅಣ್ಣ ಅಂಗಡಿಯ ಹಿಂಬದಿಯ ತೊಟ್ಟಿಕ್ಕುವ ನಲ್ಲಿ ಬಿಚ್ಚಿ, ಹೊಸ ವಾಷರ್ ಹಾಕಿ, ನೀರು ಜೋರಾಗಿ ಬಿಟ್ಟು ಪರೀಕ್ಷಿಸಿದ. ಆಗಲೇ ಅವಳು ಅತ್ತಿಂದ ಡಬ್ಬಿ ಎತ್ತಿ ತೋರಿಸಿ ಏನೋ ಹೇಳಿದಳು. ನೀರಿನ ಸದ್ದಿನಲ್ಲಿ ಇವನಿಗೆ ಒಂದಕ್ಷರವೂ ಕೇಳಲಿಲ್ಲ. ಹೂಂ ಅಂದ.

ಮನೆಗೆ ಬಂದು ಸಿಕ್ಕಿಸಿದ. ಗದ್ದಲ ಇಲ್ಲ. ಹೊಸದೊಂದನ್ನೇ ಹಾಕಿ ನುಡಿಸಿದ, ಹೊಳಪು ಬಂತು. ಹಳೆಯದೊಂದನ್ನೇ ಹಾಕಿದ, ಜೇನು ಬಂತು. ಎರಡನ್ನೂ ಹಾಕಿ ಸ್ವರ ಹಿಡಿದ.

ಸೊಳ್ಳೆ. ಕೋಣೆಯಲ್ಲೊಂದು ಸೊಳ್ಳೆ ಹಾರಾಡಿದ ಹಾಗೆ ಕೇಳಿತು. ಬುಡವೇ ಇಲ್ಲ. ಎರಡು ದೊಡ್ಡ ಡಬ್ಬಗಳು ಸೇರಿ ಒಂದು ಪುಟ್ಟ ರೇಡಿಯೋದಷ್ಟೂ ನುಡಿಯುತ್ತಿರಲಿಲ್ಲ.

ಹೂಂ ಅಣ್ಣ ಪೈಪಿನ ಕಟ್ಟಿನ ಮೇಲೆ ಕುಸಿದು ಕೂತ. ನೀರಿನಲ್ಲಿ ಹೀಗೆ ಆಗುವುದನ್ನು ಅವನು ಕಂಡಿರಲಿಲ್ಲ. ಎರಡು ನಲ್ಲಿ ಬಿಟ್ಟರೆ ಬಕೆಟ್ಟು ಬೇಗ ತುಂಬುತ್ತದೆ, ಖಾಲಿಯಾಗುವುದಿಲ್ಲ. ಅಕ್ಕನಿಗೆ ಒಂದು ಸುಳ್ಳು, ಭಾವಮೈದುನನಿಗೆ ಒಂದು ಸುಳ್ಳು ಮನಸ್ಸಿನಲ್ಲೇ ಹೆಣೆಯತೊಡಗಿದ. ಜ್ವರ ಬರಿಸಿಕೊಳ್ಳುವುದು ಹೇಗೆ ಎಂದೂ ಯೋಚಿಸಿದ.

ಹೆಂಡತಿ ಕಿವಿಯಂಗಡಿಯವಳಿಗೆ ಫೋನು ಮಾಡಿದಳು. ಫೋನನ್ನು ಕಿವಿಯಿಂದ ದೂರ ಹಿಡಿದರೂ ಆ ದನಿ ಕೋಣೆಯನ್ನೆಲ್ಲ ತುಂಬಿತು.

"ಪಕ್ಕದಲ್ಲಿ ಒಂದು ಗುಂಡಿ ಇದೆ, ಒತ್ತಿ ಅಂತ ಹೇಳಿದ್ನಲ್ಲ! ಕೆಲವು ಆಂಪಿನ ಹೊಟ್ಟೇಲಿ ಸಿಗ್ನಲ್ ಮಗುಚಿ ಬರುತ್ತೆ. ಒಂದರ ಸ್ಪೀಕರ್ ಮುಂದೆ ತಳ್ಳೋವಾಗ ಇನ್ನೊಂದು ಹಿಂದೆ ಎಳೆಯುತ್ತೆ. ಒಂದನ್ನೊಂದು ತಿಂದು ಹಾಕ್ತವೆ. ನಾನು ಹೇಳಿದಾಗ ನಿಮ್ಮ ಯಜಮಾನರು ಹೂಂ ಅಂದ್ರು!"

ಹೆಂಡತಿ ಗಂಡನನ್ನು ನೋಡಿದಳು. ಅವನು ಡಬ್ಬಿಯ ಪಕ್ಕದಲ್ಲಿದ್ದ ಗುಂಡಿಯನ್ನು ನೋಡಿದ. ಇಷ್ಟು ಹೊತ್ತು ಅದನ್ನು ಅಲಂಕಾರಕ್ಕೆ ಇಟ್ಟದ್ದು ಅಂದುಕೊಂಡಿದ್ದ. ಒತ್ತಿ, ಸ್ವರ ಹಿಡಿದ.

ಮೇಲಿನ ಅಡುಗೆಮನೆಯಲ್ಲಿ ಲೋಟಗಳು ಗಲಗಲ ಎಂದವು. ದನಿ ಎಡದಿಂದಲೂ ಬರಲಿಲ್ಲ, ಬಲದಿಂದಲೂ ಬರಲಿಲ್ಲ. ಎರಡರ ನಡುವಿನ ಖಾಲಿ ಜಾಗದಿಂದ ಎದ್ದು ಬಂತು. ಜೇನೂ ಇತ್ತು, ತುದಿಯ ಹೊಳಪೂ ಇತ್ತು. ಅವನು ಕಣ್ಣು ಮುಚ್ಚಿಕೊಂಡ. ಹೆಂಡತಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು. "ಇನ್ನೊಂದ್ಸಲ ನುಡಿಸಿ" ಎಂದಳು. ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಈ ಮಾತು ಹೇಳಿದ್ದು ಅವನಿಗೆ ನೆನಪಿರಲಿಲ್ಲ.

ಈಜುಕೊಳ ತೆರೆದ ದಿನ ಬಿಸಿಲು ಚೆನ್ನಾಗಿತ್ತು. ನೀರು ನೀಲಿಯಾಗಿ ಮಿನುಗುತ್ತಿತ್ತು. ದಡದಿಂದ ದೂರದಲ್ಲಿ, ಒಣಗಿದ ಹಲಗೆಗಳ ಮೇಲೆ ವೇದಿಕೆ. ಮೂರು ಪಿನ್ನೂ ಸರಿಯಿದ್ದ ಪ್ಲಗ್ಗುಗಳನ್ನು ಹೆಂಡತಿ ತಾನೇ ನೋಡಿ ಸಿಕ್ಕಿಸಿದಳು. ಎಡಗಡೆ ಅಕ್ಕನ ಆಂಪು, ಬಲಗಡೆ ಸೋಫಾದವನದು. ಅಕ್ಕ ಎಡಗಡೆಯ ಮೊದಲ ಕುರ್ಚಿಯಲ್ಲಿ ಕೂತಳು. ಸೋಫಾದವನು ಬಲಗಡೆಯ ಕೊನೆಯ ಕುರ್ಚಿಯಲ್ಲಿ ಕೂತ, ಕುರ್ಚಿಯ ಹೊಲಿಗೆ ಸರಿಯಿಲ್ಲವೆಂದು ಪಕ್ಕದವರಿಗೆ ಹೇಳುತ್ತಾ.

ಮೊದಲ ಹಾಡು ಸೊಗಸಾಗಿ ಹೋಯಿತು. ಎರಡನೆಯದರ ನಡುವೆ ಅಕ್ಕನಿಗೆ ಬಲಗಡೆಯ ಪೆಟ್ಟಿಗೆಯಿಂದಲೂ ಗಿಟಾರ್ ಬರುತ್ತಿದೆಯೆಂದು ಅನುಮಾನ ಬಂತು. ಎದ್ದು, ಸೆರಗು ಸರಿಮಾಡಿಕೊಳ್ಳುವವಳಂತೆ ವೇದಿಕೆಯ ಪಕ್ಕಕ್ಕೆ ಹೋಗಿ, ತನ್ನ ಆಂಪಿನ ದನಿ ಏರಿಸುವ ಗುಂಡಿಯನ್ನು ಸ್ವಲ್ಪ ತಿರುಗಿಸಿ ಬಂದಳು. ಸೋಫಾದವನು ಅದನ್ನು ಕಂಡ. ಅವನು ಫೋನಿನಲ್ಲಿ ಫೋಟೋ ತೆಗೆಯುವ ನೆವದಲ್ಲಿ ಬಂದು ತನ್ನದನ್ನು ಇನ್ನೂ ಸ್ವಲ್ಪ ತಿರುಗಿಸಿದ. ಅಕ್ಕ ಮತ್ತೆ ಎದ್ದಳು. ಅವನೂ ಎದ್ದ. ಗಾಯಕಿ ಬಾಯಿ ತೆರೆದು ಮುಚ್ಚುತ್ತಿದ್ದಳು, ಹಾಡು ಕೇಳುತ್ತಿರಲಿಲ್ಲ. ಬೇಕರಿಯವನು ಶಕ್ತಿ ಮೀರಿ ಬಾರಿಸಿದರೂ ಡ್ರಮ್ಸ್ ಸತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಕಿವಿಯಂಗಡಿಯವಳು ಜೀವನದಲ್ಲಿ ಮೊದಲ ಬಾರಿ ಎರಡೂ ಕಿವಿ ಮುಚ್ಚಿಕೊಂಡಿದ್ದಳು.

ಹೂಂ ಅಣ್ಣ ಎಡಕ್ಕೆ ನೋಡಿದ. ಅಕ್ಕ "ನುಡಿಸು ನುಡಿಸು" ಎಂದು ಕೈಸನ್ನೆ ಮಾಡಿದಳು. ಬಲಕ್ಕೆ ನೋಡಿದ. ಸೋಫಾದವನು ಹೆಬ್ಬೆರಳು ಎತ್ತಿದ. ಇವನ ತಲೆ ತಾನಾಗಿ ಅಲುಗಾಡಲು ಹೊರಟಿತ್ತು. ಅಷ್ಟರಲ್ಲಿ ಬೆರಳಿಗೆ ಗಿಟಾರಿನ ಮೈಮೇಲಿದ್ದ ಸಣ್ಣ ಗುಂಡಿ ತಾಗಿತು. ಅವರಿಬ್ಬರೂ ಎಷ್ಟು ತಿರುಗಿಸಿದರೂ ಎರಡೂ ಪೆಟ್ಟಿಗೆಗೆ ಹೋಗಬೇಕಾದದ್ದು ಇಲ್ಲಿಂದಲೇ ತಾನೆ? ಮುಖ್ಯ ವಾಲ್ವ್ ತನ್ನ ಕೈಯಲ್ಲೇ ಇದೆ. ಅವನು ಗುಂಡಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದ.

ಎಡಗಡೆಯದೂ ತಗ್ಗಿತು, ಬಲಗಡೆಯದೂ ತಗ್ಗಿತು, ಒಂದೇ ಸಮನೆ. ಗಾಯಕಿಯ ದನಿ ನೀರಿನ ಮೇಲಿನಿಂದ ತೇಲಿ ಬಂದು ಎಲ್ಲರಿಗೂ ಕೇಳಿತು. ಅಕ್ಕ ಮತ್ತೆ ಎದ್ದು ಆಂಪಿನ ಕಡೆ ಹೆಜ್ಜೆ ಹಾಕಿದಾಗ ಹೂಂ ಅಣ್ಣ ಅವಳನ್ನು ನೋಡಿ ತಲೆ ಅಡ್ಡಡ್ಡ ಆಡಿಸಿದ. ಬೇಡ. ಅಕ್ಕ ಅಲ್ಲೇ ನಿಂತಳು. ಸೋಫಾದವನ ಕಡೆಗೂ ಅದೇ ತಲೆ, ಅದೇ ಬೇಡ. ನೆನಪಿರುವ ಮಟ್ಟಿಗೆ ಯಾರೂ ಅವನ ತಲೆ ಆ ದಿಕ್ಕಿನಲ್ಲಿ ಆಡಿದ್ದನ್ನು ಕಂಡಿರಲಿಲ್ಲ. ಬೇಕರಿಯವನಿಗೆ ಒಂದು ಹೊಡೆತ ತಪ್ಪಿಯೇ ಹೋಯಿತು.

ಆಮೇಲೆ ಅವನು ಮೆಲ್ಲಗೆ, ಬಹಳ ಮೆಲ್ಲಗೆ ಆ ಸ್ವರ ಹಿಡಿದ. ಸರಿಯಾಗಿ ಕೇಳಬೇಕಾದರೆ ನಡುವಿಗೆ ಬರಬೇಕಿತ್ತು. ಅಕ್ಕ ಒಂದು ಕುರ್ಚಿ ಸರಿದಳು. ಸೋಫಾದವನೂ ಒಂದು ಸರಿದ. ಹಾಡು ಮುಗಿಯುವ ಹೊತ್ತಿಗೆ ಇಬ್ಬರೂ ಕಿವಿಯಂಗಡಿಯವಳ ಎಡಬಲದಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಕಡೆಗೆ ಕಿವಿ ಕೊಟ್ಟಿದ್ದರು.

ಮುಗಿದ ಮೇಲೆ ಅಕ್ಕ ಬಂದು ನೇರವಾಗಿ ಕೇಳಿದಳು. "ಎರಡನ್ನೂ ಹಾಕಿದ್ಯಾ?"

"ಎರಡನ್ನೂ ಹಾಕಿದೆ ಅಕ್ಕ. ನಿನಗೊಂದು ಸುಳ್ಳು, ಅವನಿಗೊಂದು ಸುಳ್ಳು ಹೇಳಿದ್ದೆ. ಒಂದೇ ಹಾಕು ಅಂದ್ರೆ ನನ್ನಿಂದ ಆಗಲ್ಲ. ಎರಡೂ ಸೇರಿದ ದನಿ ಕೇಳಿದ ಮೇಲಂತೂ ಆಗೋದೇ ಇಲ್ಲ."

ಅಕ್ಕನ ಮುಖ ಊದಿತು. ಆ ವಾರವೆಲ್ಲ ಫೋನು ಬರಲಿಲ್ಲ. ಸೋಫಾದವನು ಮಾತ್ರ ಹೊರಟುಹೋಗುವಾಗ "ಹೊಳಪು ಬಂದಿದ್ದೇ ನಮ್ಮದರಿಂದ ಅಲ್ವಾ ಭಾವ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಜಾಣತನ ಮೆರೆದ. ಮುಂದಿನ ವಾರ ಅಕ್ಕ ಯಾವ ಸೂಚನೆಯೂ ಇಲ್ಲದೆ ನೆಲಮಾಳಿಗೆಯ ಅಭ್ಯಾಸಕ್ಕೆ ಬಂದು ನಟ್ಟನಡುವೆ ಕುರ್ಚಿ ಹಾಕಿಸಿಕೊಂಡಳು. ಅದರ ಮುಂದಿನ ವಾರ ಸೋಫಾದವನು ತನ್ನ ಅಂಗಡಿಯಿಂದ ಇಬ್ಬರು ಕೂರುವ ಸೋಫಾ ಕಳಿಸಿದ. ಅದು ಮೆಟ್ಟಿಲಲ್ಲಿ ಸಿಕ್ಕಿಕೊಂಡು, ಅರ್ಧ ದಿನ ಯಾರೂ ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

ಹೂಂ ಅಣ್ಣನ ಬೆರಳು ಇವತ್ತಿಗೂ ಚುರುಕಾಗಿಲ್ಲ. ಕೆಲಸ ಮಾತ್ರ ಸ್ವಲ್ಪ ಕಡಿಮೆಯಾಗಿದೆ. ಹಲ್ಲಿನ ಡಾಕ್ಟರಿಗೆ "ಇವತ್ತು ಆಗಲ್ಲ, ಗುರುವಾರ ಬರ್ತೀನಿ" ಎನ್ನುತ್ತಾನೆ, ಗುರುವಾರ ಹೋಗುತ್ತಾನೆ. ಡಾಕ್ಟರು ಮೊದಲ ಸಲ ಗಾಬರಿಯಾಗಿ ಮೈ ಹುಷಾರಿದೆಯಾ ಎಂದು ವಿಚಾರಿಸಿದ್ದರು.

ಮೊನ್ನೆ ಅಭ್ಯಾಸದ ನಡುವೆ ಬೇಕರಿಯವನು, ತನ್ನ ಚಿಕ್ಕಪ್ಪನ ಮನೆಯಲ್ಲೊಂದು ಆಂಪ್ಲಿಫೈಯರ್ ಸುಮ್ಮನೆ ಬಿದ್ದಿದೆ, ಮೂರಾದರೆ ಇನ್ನೂ ಚೆನ್ನಾಗಿರುತ್ತದೆ ಎಂದ. ಹೂಂ ಅಣ್ಣ ಗಿಟಾರ್ ಶ್ರುತಿ ಮಾಡುತ್ತಿದ್ದವನು ತಲೆಯೆತ್ತಿದ. ಮೆಟ್ಟಿಲ ಮೇಲೆ ಚಹಾ ಹಿಡಿದು ನಿಂತಿದ್ದ ಹೆಂಡತಿ ಗಂಡನ ಬಾಯಿಯನ್ನೇ ನೋಡುತ್ತಿದ್ದಳು.

"ನಿಮ್ಮ ಚಿಕ್ಕಪ್ಪ ಕಾರ್ಯಕ್ರಮಕ್ಕೆ ಬರ್ತಾರಾ?" ಎಂದು ಕೇಳಿದ ಅವನು.

"ಇಲ್ಲ. ಅವರಿಗೆ ಸಂಗೀತ ಅಂದ್ರೆ ಆಗಲ್ಲ."

"ಹಾಗಾದ್ರೆ ತರಿಸಿ, ಕೇಳಿ ನೋಡೋಣ" ಎಂದು ಹೂಂ ಅಣ್ಣ ಚಹಾಕ್ಕೆ ಕೈ ಚಾಚಿದ.